‘ಅಮ್ಮ ತಂದೆಯ ಮನೆ ಸೇರಿದರು’ ಅಂತ ಚರ್ಚಿನವರು ಹೇಳುವುದು ನಂಬಿಕೆಯಾ, ಸಮಾಧಾನದ ಮಾತಾ?

ನೀವು ಕೇಳಿದ್ದು ಇದು: ಗೆಳತಿಯ ತಾಯಿ ತೀರಿಕೊಂಡಿದ್ದಾರೆ. ಅವಳ ಚರ್ಚಿನವರು ‘ಅಮ್ಮ ತಂದೆಯ ಮನೆ ಸೇರಿದರು, ಪರಲೋಕದಲ್ಲಿ ಮತ್ತೆ ನೋಡುತ್ತೀ’ ಅನ್ನುತ್ತಾರೆ, ಹಾಡು ಹೇಳುತ್ತಾರೆ. ಅವಳು ಮಾತ್ರ ಅಳು ನಿಲ್ಲಿಸಿಲ್ಲ. ಇವರು ಇದನ್ನು ನಿಜವಾಗಿ ನಂಬುತ್ತಾರಾ, ಸುಮ್ನೆ ಹೇಳುತ್ತಾರಾ? ನೀವು ಅವಳಿಗೆ ಏನು ಹೇಳಬೇಕು?

ನಾನು ಉಡುಪಿ ಕಡೆಯವನು, ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ ಅನ್ನುವ ಪ್ರೊಟೆಸ್ಟೆಂಟ್ ಚರ್ಚು) ಸಭೆಯವನು. 1834ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್‌ನವರು ಮಂಗಳೂರಿಗೆ ಬಂದ ಮೇಲೆ ಈ ಕಡೆ ಬೆಳೆದ ಸಭೆಗಳಲ್ಲಿ ನಮ್ಮದೂ ಒಂದು. ಅಪ್ಪನನ್ನು ಮಣ್ಣು ಮಾಡಿ ಬಂದ ದಿನ ಇದೇ ಮಾತನ್ನು ನಾನೂ ಬೇಕಾದಷ್ಟು ಕೇಳಿದ್ದೇನೆ.

ನಂಬುತ್ತೇವೆ. ಆದರೆ ಅದನ್ನು ಹೇಳುವ ಹೊತ್ತು ಎಲ್ಲರಿಗೂ ತಿಳಿಯುವುದಿಲ್ಲ. ಶವದ ಪೆಟ್ಟಿಗೆ ಇನ್ನೂ ಚಾವಡಿಯಲ್ಲಿರುವಾಗಲೇ ‘ಅಳಬಾರದು, ಸಂತೋಷಪಡಬೇಕು’ ಅನ್ನುವವರು ನಮ್ಮಲ್ಲಿ ಇದ್ದಾರೆ. ನನಗಂತೂ ಅವರನ್ನು ಕಂಡರೆ ಆಗುವುದಿಲ್ಲ. ಬೈಬಲಿನಲ್ಲಿ ಯೋಹಾನನ ಸುವಾರ್ತೆಯ 11ನೇ ಅಧ್ಯಾಯ ಓದಿ. ಯೇಸುಸ್ವಾಮಿಯ ಗೆಳೆಯ ಲಾಜರ ಸತ್ತು ನಾಲ್ಕು ದಿನವಾಗಿದೆ. ಇನ್ನು ಸ್ವಲ್ಪ ಹೊತ್ತಿಗೆ ಅವನನ್ನು ಎಬ್ಬಿಸುತ್ತೇನೆ ಅಂತ ಯೇಸುಸ್ವಾಮಿಗೆ ಗೊತ್ತು. ಆದರೂ ಲಾಜರನ ಸೋದರಿ ಮರಿಯಳ ಅಳು ನೋಡಿ ಅವರೂ ಅತ್ತರು. ಮೊದಲ ಕಾಲದ ಸಭೆಗಳಿಗೆ ಪತ್ರ ಬರೆದ ಅಪೊಸ್ತಲ ಪೌಲ ಥೆಸಲೋನಿಕದವರಿಗೆ ಬರೆದದ್ದೂ ಹಾಗೇ. ನಿರೀಕ್ಷೆ ಇಲ್ಲದವರ ಹಾಗೆ ದುಃಖಪಡಬೇಡಿ ಅಂದ ಅಷ್ಟೇ. ದುಃಖವೇ ಬೇಡ ಅಂತ ಎಲ್ಲೂ ಹೇಳಲಿಲ್ಲ. ನಿಮ್ಮ ಗೆಳತಿಯ ಅಳುವಿಗೂ ಅವಳ ನಂಬಿಕೆಗೂ ಜಗಳವೇನಿಲ್ಲ.

ಇನ್ನು ಆ ‘ಮನೆ’ ಎಲ್ಲಿಂದ ಬಂತು? ಅದೇ ಸುವಾರ್ತೆಯ 14ನೇ ಅಧ್ಯಾಯದಿಂದ. ಶಿಲುಬೆಗೆ ಹೋಗುವ ಹಿಂದಿನ ರಾತ್ರಿ. ಶಿಷ್ಯರು ಕಂಗಾಲಾಗಿದ್ದಾರೆ. ನನ್ನ ತಂದೆಯ ಮನೆಯಲ್ಲಿ ಬೇಕಾದಷ್ಟು ಜಾಗ ಇದೆ, ನಿಮಗಾಗಿ ಸ್ಥಳ ಸಿದ್ಧಮಾಡಲು ಹೋಗುತ್ತೇನೆ, ಮತ್ತೆ ಬಂದು ಕರೆದುಕೊಂಡು ಹೋಗುತ್ತೇನೆ, ನಾನಿರುವಲ್ಲಿ ನೀವೂ ಇರಬೇಕು ಅಂತ ಹೇಳುತ್ತಾರೆ. ಆ ಮನೆ ಹೇಗಿದೆ ಅಂತ ಅಲ್ಲಿ ಒಂದು ಸಾಲೂ ಇಲ್ಲ. ಯಾರ ಜೊತೆ ಇರುತ್ತೇವೆ ಅನ್ನುವುದಷ್ಟೇ ಇದೆ.

ನನಗೆ ಇದು ಅರ್ಥವಾಗುವುದು ಅಪ್ಪ ಕುವೈತಿನಿಂದ ಬಂದದ್ದನ್ನು ನೆನೆದಾಗ. ಅವರು ಅಲ್ಲಿ ಡ್ರೈವರ್ ಆಗಿದ್ದರು. 1990ರ ಆಗಸ್ಟ್ 2ಕ್ಕೆ ಇರಾಕ್ ಸೈನ್ಯ ಕುವೈತಿಗೆ ನುಗ್ಗಿತು. ಪತ್ರ ಇಲ್ಲ, ಫೋನ್ ಇಲ್ಲ. ಅಲ್ಲಿ ಸಿಕ್ಕಿಕೊಂಡ ನಮ್ಮವರನ್ನು ಬಸ್ಸುಗಳಲ್ಲಿ ಜೋರ್ಡಾನಿನ ಅಮ್ಮಾನ್‌ಗೆ ತಂದು, ಅಲ್ಲಿಂದ ಏರ್ ಇಂಡಿಯಾ ವಿಮಾನಗಳಲ್ಲಿ ಕರೆತಂದರು. ಸುಮಾರು ಎರಡು ತಿಂಗಳು ನಡೆದ ಆ ಕೆಲಸದಲ್ಲಿ 1.7 ಲಕ್ಷದಷ್ಟು ಜನ ಊರು ಮುಟ್ಟಿದರು. ಅಪ್ಪನೂ ಅದರಲ್ಲಿ ಒಬ್ಬರು. ಬೊಂಬಾಯಿಯಲ್ಲಿದ್ದ ಚಿಕ್ಕಪ್ಪ ಟೆಲಿಗ್ರಾಂ ಕೊಟ್ಟರು. ಆಗಿನ್ನೂ ಕೊಂಕಣ ರೈಲು ಇರಲಿಲ್ಲ, ಬಸ್ಸಿನಲ್ಲೇ ಬರಬೇಕು.

ಅದಕ್ಕೆ ಮುಂಚೆ ಅಪ್ಪ ರಜೆಗೆ ಬರುತ್ತಾರೆ ಅಂದರೆ ಕಟ್ಟಿದ ದೊಡ್ಡ ಪೆಟ್ಟಿಗೆಗಳು, ಸೆಂಟು, ಟೇಪ್‌ರೆಕಾರ್ಡರು. ನೆಂಟರಿಗೆಲ್ಲ ಒಂದೊಂದು ಲೆಕ್ಕ. ಆ ಸಲ ಅವರ ಕೈಯಲ್ಲಿದ್ದದ್ದು ಒಂದು ಪ್ಲಾಸ್ಟಿಕ್ ಚೀಲ. ಅದರಲ್ಲಿ ಕ್ಯಾಂಪಿನಲ್ಲಿ ಕೊಟ್ಟ ಕಂಬಳಿ, ಒಂದು ರೇಜರ್. ಏನು ತಂದಿರಿ ಅಂತ ಯಾರೂ ಕೇಳಲಿಲ್ಲ. ಅಜ್ಜಿ ಅಪ್ಪನ ಗಲ್ಲ ಸವರಿ, ‘ಹಂಡೆಯಲ್ಲಿ ನೀರು ಕಾದಿದೆ, ಮೊದಲು ಸ್ನಾನ ಮಾಡು’ ಅಂದರು. ಆಮೇಲೆ ಬಚ್ಚಲಿನ ಹೊರಗೇ ನಿಂತು ಅತ್ತರು.

ಚಿನ್ನದ ಬೀದಿ, ಮುತ್ತಿನ ಬಾಗಿಲು ಎಲ್ಲ ಬೈಬಲಿನ ಕೊನೆಯದಾದ ಪ್ರಕಟನೆ ಪುಸ್ತಕದಲ್ಲಿದೆ, ಇಲ್ಲ ಅನ್ನುವುದಿಲ್ಲ. ಆದರೆ ಪರಲೋಕ ಅಂದಾಗ ನನಗೆ ಹೊಳೆಯುವುದು ಬರಿಗೈಯಲ್ಲಿ ಬಂದವರಿಗೂ ನೀರು ಕಾಯಿಸಿ ಇಟ್ಟಿರುವವರು.

ಒಂದು ವ್ಯತ್ಯಾಸ ಇದೆ. ಕುವೈತಿನ ವಿಷಯದಲ್ಲಿ ನಮಗೆ ಟೆಲಿಗ್ರಾಂ ಬಂತು. ಅಪ್ಪ ತೀರಿಕೊಂಡ ಮೇಲೆ ಅಂಥದ್ದೇನೂ ಬರಲಿಲ್ಲ. ಹಾಗಾದರೆ ಯಾವ ಧೈರ್ಯದ ಮೇಲೆ ನಂಬುವುದು? ನಿಮ್ಮ ಪ್ರಶ್ನೆಯ ನಿಜವಾದ ಉತ್ತರ ಇಲ್ಲಿದೆ. ಕ್ರೈಸ್ತರ ನಿರೀಕ್ಷೆ ನಿಂತಿರುವುದು ಈಸ್ಟರ್ ಮೇಲೆ, ಅಂದರೆ ಯೇಸುಸ್ವಾಮಿ ಸಮಾಧಿಯಿಂದ ಎದ್ದು ಬಂದರು ಅನ್ನುವ ಒಂದೇ ಸುದ್ದಿಯ ಮೇಲೆ. ಕೊರಿಂಥದವರಿಗೆ ಬರೆದ ಮೊದಲ ಪತ್ರದ 15ನೇ ಅಧ್ಯಾಯದಲ್ಲಿ ಪೌಲ ಮುಚ್ಚುಮರೆ ಇಲ್ಲದೆ ಹೇಳಿಬಿಡುತ್ತಾನೆ: ಕ್ರಿಸ್ತ ಎದ್ದಿಲ್ಲವಾದರೆ ನಿಮ್ಮ ನಂಬಿಕೆ ದಂಡ, ನಮ್ಮಷ್ಟು ಮರುಕಪಡಬೇಕಾದವರು ಯಾರೂ ಇಲ್ಲ. ಬರೀ ಸಮಾಧಾನ ಸಾಕು ಅನ್ನುವವನು ಇಷ್ಟು ದೊಡ್ಡ ಪಣ ಒಡ್ಡುತ್ತಿರಲಿಲ್ಲ ಅಲ್ವಾ?

ಇನ್ನೊಂದು. ಜೀವ ಹಾರಿ ಮೇಲೆ ಹೋಯಿತು, ಅಲ್ಲಿಗೆ ಕಥೆ ಮುಗಿಯಿತು ಅಂತ ಜಾಸ್ತಿ ಜನ ತಿಳಿದಿದ್ದಾರೆ. ನಮ್ಮವರೂ ಸೇರಿ. ಆರಾಧನೆಯಲ್ಲಿ ಎಲ್ಲರೂ ಸೇರಿ ಹೇಳುವ ವಿಶ್ವಾಸ ಪ್ರಮಾಣದಲ್ಲಿ ನಾವು ಬಾಯಿಬಿಟ್ಟು ಹೇಳುವುದು ದೇಹದ ಪುನರುತ್ಥಾನ ಮತ್ತು ನಿತ್ಯಜೀವದ ಬಗ್ಗೆ. ಸತ್ತವರು ಈಗ ಕರ್ತನ ಬಳಿ ಇದ್ದಾರೆ, ಒಂದು ದಿನ ಎಲ್ಲರೂ ದೇಹಸಹಿತ ಏಳುತ್ತಾರೆ. ಎರಡೂ ಸೇರಿದರೇ ಪೂರ್ತಿ. ಅದಕ್ಕೇ ಹಳೆಯ ಕ್ರೈಸ್ತ ಪದ್ಧತಿಯಲ್ಲಿ ಕಾಲು ಪೂರ್ವಕ್ಕೆ ಬರುವಂತೆ ಮಲಗಿಸುತ್ತಾರೆ. ಎದ್ದಾಗ ಸೂರ್ಯ ಹುಟ್ಟುವ ದಿಕ್ಕಿಗೆ ಮುಖ ಇರಲಿ ಅಂತ.

ಗುರುತು ಸಿಗುತ್ತದಾ ಅಂತ ನಿಮ್ಮ ಗೆಳತಿ ಕೇಳಬಹುದು. ನಾನೂ ನಮ್ಮ ಅಯ್ಯನವರನ್ನು, ಅಂದರೆ ಸಭೆಯ ಪಾದ್ರಿಯವರನ್ನು, ಕೇಳಿದ್ದೆ. ಅವರು ಭಾಷಣ ಮಾಡಲಿಲ್ಲ, ಯೋಹಾನ 20 ಓದು ಅಂದರು. ಮಗ್ದಲದ ಮರಿಯ ಎದ್ದು ಬಂದ ಯೇಸುವನ್ನು ತೋಟದವನು ಅಂದುಕೊಂಡಳು. ಹೆಸರು ಹಿಡಿದು ಕರೆದ ಕೂಡಲೇ ತಿಳಿಯಿತು. ಯೇಸುವಿನ ಕೈಯಲ್ಲಿ ಮೊಳೆಯ ಗಾಯದ ಗುರುತು ಹಾಗೇ ಇತ್ತು. ಲೂಕನ ಪ್ರಕಾರ ಸುಟ್ಟ ಮೀನನ್ನೂ ತಿಂದರು. (ಅಲ್ಲಿ ಮದುವೆ ಸಂಬಂಧ ಇರುವುದಿಲ್ಲ ಅಂತಲೂ ಯೇಸುಸ್ವಾಮಿ ಹೇಳಿದ್ದಾರೆ. ನಮ್ಮ ಅತ್ತೆಯೊಬ್ಬರು ಅದನ್ನು ಕೇಳಿ, ‘ಸದ್ಯ, ಅಲ್ಲಾದರೂ ಬಿಡುಗಡೆ’ ಅಂದಿದ್ದರು.)

ಈಗ ನೀವೇನು ಹೇಳಬೇಕು? ಇಷ್ಟೆಲ್ಲ ಹೇಳಬೇಡಿ. ‘ಒಳ್ಳೆಯ ಜಾಗಕ್ಕೆ ಹೋದರು ಬಿಡು’ ಅಂತ ನೀವಂತೂ ಹೇಳಲೇಬೇಡಿ. ಅದನ್ನು ಹೇಳಲು ಚರ್ಚಿನವರಿದ್ದಾರೆ. ಅಮ್ಮನ ಬಗ್ಗೆ ಕೇಳಿ. ಏನು ಅಡುಗೆ ಚೆನ್ನಾಗಿ ಮಾಡುತ್ತಿದ್ದರು, ಯಾವ ಹಾಡು ಗುನುಗುತ್ತಿದ್ದರು, ಯಾವುದಕ್ಕೆ ಬೈಯುತ್ತಿದ್ದರು. ಮನೆಯಲ್ಲಿ ಪ್ರಾರ್ಥನೆ ಇಟ್ಟು ಕರೆದರೆ ಹೋಗಿ. ಹಾಡಬೇಕಾಗಿಲ್ಲ, ಹಿಂದಿನ ಕುರ್ಚಿಯಲ್ಲಿ ಕೂತರೆ ಸಾಕು. ಅವಳು ಕ್ಯಾಥೊಲಿಕ್ ಆಗಿದ್ದರೆ ಏಳನೇ ದಿನಕ್ಕೋ ತಿಂಗಳಿಗೋ ಚರ್ಚಿನಲ್ಲಿ ಪೂಜೆ (ಮಾಸ್) ಇಡಬಹುದು, ಸತ್ತವರನ್ನು ನೆನೆಯುವ ದಿನವಾದ ನವೆಂಬರ್ 2ಕ್ಕೆ ಸಮಾಧಿಗೆ ಹೂವು ಮೇಣದಬತ್ತಿ ಇಡುತ್ತಾರೆ. ಅವರು ಸತ್ತವರಿಗಾಗಿ ಪ್ರಾರ್ಥಿಸುತ್ತಾರೆ, ನಮ್ಮಲ್ಲಿ ಅದು ಇಲ್ಲ. ಜೊತೆಗೆ ಹೋಗಲು ಅದೇನೂ ಅಡ್ಡಿಯಲ್ಲ.

ಡಿಸೆಂಬರ್‌ನಲ್ಲಿ ಮರೆಯದೆ ಒಂದು ಫೋನ್ ಮಾಡಿ. ಅಮ್ಮ ಇಲ್ಲದ ಮೊದಲ ಕ್ರಿಸ್‌ಮಸ್ ಕಷ್ಟ. ಆಗ ಚರ್ಚಿನವರೆಲ್ಲ ಹಬ್ಬದ ಗಡಿಬಿಡಿಯಲ್ಲಿರುತ್ತಾರೆ.