ಗೊಬ್ಬರದ ಕೆಲಸ ಮುಗಿದ ಮೇಲೆ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಹಿರಿಯರಿಗೆ 66. ಕಾರ್ಖಾನೆಯಲ್ಲಿ ಲೇತ್ ನಡೆಸಿ ನಿವೃತ್ತರಾದವರು, ಪತ್ನಿ ತೀರಿಕೊಂಡು ಮೂರು ವರ್ಷ. ಹುಡುಗನಿಗೆ 26, ಕಲಬುರಗಿ ಕಡೆಯವನು, ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ. ಯಲಹಂಕದ ಒಂದೇ ಅಪಾರ್ಟ್‌ಮೆಂಟಿನಲ್ಲಿದ್ದರೂ ಲಿಫ್ಟಿನಲ್ಲಿ ಮುಖ ನೋಡಿದ್ದಷ್ಟೇ ಪರಿಚಯ. ಹಸಿ ಕಸವನ್ನು ಅಲ್ಲೇ ಗೊಬ್ಬರ ಮಾಡಲು ಅಸೋಸಿಯೇಷನ್ ಹೊರಟಾಗ ಹೆಸರು ಕೊಟ್ಟವರು ಇವರಿಬ್ಬರೇ.

ಐದು ತಿಂಗಳು, ಪ್ರತಿ ಭಾನುವಾರ ಎರಡು ಗಂಟೆ. ಜುಲೈ ಮಳೆಗೆ ತೊಟ್ಟಿ ನಾರತೊಡಗಿ ಒಂದನೇ ಮಹಡಿಯವರು ಜಗಳಕ್ಕೆ ಬಂದರು. ಮುಚ್ಚಳ ಬದಲಿಸೋಣ ಅಂದ ಹುಡುಗ. ಹಿರಿಯರು ಒಂದು ಹಿಡಿ ತೆಗೆದು ಹಿಂಡಿದರು; ನೀರು ಧಾರೆಯಾಗಿ ಇಳಿಯಿತು. ಒಂದೆರಡು ಹನಿ ಜಿನುಗಬೇಕಷ್ಟೇ, ಹೆಚ್ಚಾದರೆ ಗಾಳಿ ಆಡದೆ ಕೊಳೆಯುತ್ತದೆ. ಒಂದು ಬಕೆಟ್ ಹಸಿ ಕಸಕ್ಕೆ ಎರಡು ಬಕೆಟ್ ಒಣ ಎಲೆ ಹಾಕಿ, ವಾರಕ್ಕೆರಡು ಸಲ ಮಗುಚಿದ ಮೇಲೆ ವಾಸನೆ ಹೋಯಿತು. "ಕಾಕಾ, ನಿಮ್ಮ ಕೈನೇ ಮೀಟರ್ ಆಗ್ಯಾದ ನೋಡ್ರಿ" ಅಂದಿದ್ದನಂತೆ. ಕಾಕಾ ಅನ್ನಿಸಿಕೊಂಡಿದ್ದು ಅದೇ ಮೊದಲು ಎನ್ನುವಾಗ ಹಿರಿಯರು ನಕ್ಕರು.

ಆಮೇಲೆ ಕೆಲಸ ಹೌಸ್‌ಕೀಪಿಂಗ್‌ನವರ ಕೈಗೆ ಹೋಯಿತು. ಹಿರಿಯರಿಂದ ದಿನಾ ಆರೂವರೆಗೆ ಗುಡ್ ಮಾರ್ನಿಂಗ್ ಮೆಸೇಜು, ಹಿಂದೆಯೇ ಫೋನು. ಹುಡುಗ ಎತ್ತುವುದನ್ನೇ ಬಿಟ್ಟ. ಇವರು ವಾಕಿಂಗ್ ಬಿಟ್ಟರು, ನಿದ್ದೆ ಕೆಟ್ಟಿತು, ಮಗಳು ಆಪ್ತಸಮಾಲೋಚನೆಗೆ ಕರೆತಂದಳು. ಖಿನ್ನತೆ ಅಳೆಯುವ ಪಿಎಚ್‌ಕ್ಯೂ-9 ಪ್ರಶ್ನಾವಳಿಯಲ್ಲಿ ಅಂಕ 8, ಅಂದರೆ ಖಿನ್ನತೆಯ ಲಕ್ಷಣ ಸೌಮ್ಯ. 10 ಮುಟ್ಟಿದ್ದರೆ ಇನ್ನಷ್ಟು ವಿವರವಾದ ತಪಾಸಣೆ ಬೇಕಾಗುತ್ತಿತ್ತು.

ಈಗಿನ ಹುಡುಗರೇ ಹೀಗೆ ಎಂಬುದು ಮಗಳ ತೀರ್ಪು. ಅವಸರದ ತೀರ್ಪು. ಹಿರಿಯರ ಒಪ್ಪಿಗೆ ಪಡೆದು ಹುಡುಗನನ್ನೂ ಕರೆಸಿದಾಗ ತಿಳಿಯಿತು: ಶಿಫ್ಟ್ ಬದಲಾಗಿ ಅವನು ಮಲಗುವುದೇ ಬೆಳಗಿನ ನಾಲ್ಕಕ್ಕೆ. ಜೊತೆಗೆ, "ಕೆಲಸ ಇದ್ದಾಗ ಮಾತು ತಾನೇ ಬರ್ತಿತ್ರಿ. ಫೋನ್‌ನಾಗ ಏನ್ ಮಾತಾಡೋದು ತಿಳಿಯಂಗಿಲ್ಲ."

ಬೇರೆ ಬೇರೆ ಗುಂಪಿನವರು ಹತ್ತಿರವಾಗಲು ಸಮಾನ ಸ್ಥಾನ, ಒಂದೇ ಗುರಿ ಬೇಕೆಂದು ಮನಶ್ಶಾಸ್ತ್ರಜ್ಞ ಗಾರ್ಡನ್ ಆಲ್‌ಪೋರ್ಟ್ 1954ರಲ್ಲೇ ಹೇಳಿದ್ದರು. ತೊಟ್ಟಿಯ ಮುಂದೆ ಇಬ್ಬರೂ ಸಮ: ಒಬ್ಬರ ಕೈ, ಇನ್ನೊಬ್ಬನ ಎಕ್ಸೆಲ್ ಶೀಟು. ಫೋನಿನಲ್ಲಿ ಹಿರಿಯರು ಬೇಡುವವರಾದರು, ಹುಡುಗ ತಪ್ಪಿಸಿಕೊಳ್ಳುವವನಾದ.

ಹಾಗಾಗಿ ಕೊಟ್ಟ ಸಲಹೆ: ವಿಶ್ವಾಸ ಕೇಳಬೇಡಿ, ಕೆಲಸ ಕೇಳಿ. ಎರಡು ವಾರ ಮೆಸೇಜು, ಫೋನು ಎರಡೂ ಬಂದ್. ಆಮೇಲೆ ಮಧ್ಯಾಹ್ನ ಎರಡರ ನಂತರ ಒಂದೇ ಸಂದೇಶ. ಅದರಲ್ಲಿ ಕೆಲಸ, ದಿನ, ಎಷ್ಟು ಹೊತ್ತು ಎಲ್ಲ ಇರಬೇಕು. "ಗೊಬ್ಬರದ ಜರಡಿ ಹರಿದಿದೆ, 5 ಮಿಲಿಮೀಟರ್ ಜಾಲರಿ ತಂದಿದ್ದೀನಿ. ಭಾನುವಾರ ಹನ್ನೊಂದಕ್ಕೆ ಒಂದು ಗಂಟೆ ಬಿಡುವಿದ್ದರೆ ಬಾರಪ್ಪ, ಚೌಕಟ್ಟು ಹಿಡಿಯೋಕೆ ಇನ್ನೊಂದು ಕೈ ಬೇಕು." ಉತ್ತರ ಬಾರದಿದ್ದರೆ ಒಂದು ಸಲ ನೆನಪಿಸಬಹುದು, ಎರಡನೆಯದು ಬೇಡ. ಎದುರು ಸಿಕ್ಕಾಗ "ಯಾಕೆ ಫೋನ್ ಎತ್ತಲಿಲ್ಲ" ಎನ್ನಬಾರದು. ಇದೇ ಅವರಿಗೆ ಕಷ್ಟವಾಗಿದ್ದು. ಎರಡು ಭೇಟಿಯಲ್ಲಿ ಅಭ್ಯಾಸ ಮಾಡಿಸಬೇಕಾಯಿತು. ಹುಡುಗನಿಗೆ ಹೇಳಿದ್ದು ಇಷ್ಟೇ: ಬರಲಾಗದಿದ್ದರೆ ಒಂದು ಸಾಲು ಹಾಕು, ಮಾಯವಾಗಬೇಡ. ವಾಕಿಂಗ್ ಮಾತ್ರ ಹುಡುಗನಿಗೆ ಗಂಟು ಹಾಕದೆ, ಪಾರ್ಕಿನ ಏಳು ಗಂಟೆಯ ಗುಂಪಿನೊಂದಿಗೆ ಶುರುವಾಯಿತು.

ಆರು ವಾರಕ್ಕೆ ಪ್ರಶ್ನಾವಳಿಯ ಅಂಕ 4ಕ್ಕೆ ಇಳಿಯಿತು. ಮೊದಲ ಭಾನುವಾರ ಹುಡುಗ ಬಂದ, ಮೊಳೆ ಸಾಲದೆ ಜರಡಿ ಅರ್ಧಕ್ಕೆ ನಿಂತಿತು. ಮುಂದಿನ ಭಾನುವಾರ ಬಂದಿದ್ದು ಒಂದು ಸಾಲಷ್ಟೇ: "ಈ ವಾರ ಆಗಲ್ಲ ಕಾಕಾ." ಹಿರಿಯರು ಒಬ್ಬರೇ ಕೂತು ಮೂರು ಬದಿಗೆ ಮೊಳೆ ಹೊಡೆದು, ನಾಲ್ಕನೆಯದನ್ನು ಬೇಕೆಂದೇ ಬಿಟ್ಟು ಬಂದರಂತೆ.