ಐದು ಬಂದದ ಅಂದೆ, ಅಪ್ಪ ಪೇಡೆ ಹಂಚಿದ್ರು

ಈ ಪ್ರಕರಣ ಬರೆಯಲು ಹುಡುಗನ ಒಪ್ಪಿಗೆ ಇದೆ. ಊರು, ಓದು, ಮನೆಯವರ ವಿವರ ಬದಲಿಸಿದ್ದೇನೆ. ಬರೆಯಲು ಕಾರಣ, ಇದೇ ಸಂಕಟ ಮನೆಯಿಂದ ಮನೆಗೆ ಮರುಕಳಿಸುತ್ತಿದೆ. ರಾಯಚೂರು, ಸಿಂಧನೂರು, ಗಂಗಾವತಿ, ಬಳ್ಳಾರಿ ಕಡೆಯಿಂದ ಹೊರದೇಶಕ್ಕೆ ಓದಲು ಹೋದ ಮಕ್ಕಳ ತಂದೆ-ತಾಯಿ ಆಪ್ತಸಲಹೆಗೆ ನನ್ನ ಬಳಿ ಬಂದು ಕೂತು ಹೇಳುವ ಮೊದಲ ಮಾತು ಹೆಚ್ಚುಕಡಿಮೆ ಒಂದೇ: "ಮೊದಲು ದಿನಾ ಮಾತಾಡ್ತಿದ್ದ ರೀ, ಈಗ ಫೋನ್ ಎತ್ತವಲ್ಲ."

ಈ ತಾಯಿ ತನ್ನ ತಮ್ಮನನ್ನು ಕರೆದುಕೊಂಡು ನವೆಂಬರ್ ತಿಂಗಳಲ್ಲಿ ಬಂದರು. ಎಡದಂಡೆ ಕಾಲುವೆ ಕೆಳಗೆ ಭತ್ತ ಬೆಳೆಯುವ ಮನೆ. ಮಗ ಜರ್ಮನಿಯಲ್ಲಿ ಎಂ.ಎಸ್. ಓದಲು ಹೋಗಿ ಒಂದು ವರ್ಷ ದಾಟಿತ್ತು. ಓದಿನ ಸಾಲಕ್ಕೆ ಮನೆಪತ್ರ ಬ್ಯಾಂಕಿನಲ್ಲಿತ್ತು. ಅಷ್ಟು ಸಾಕು ಹಿನ್ನೆಲೆಗೆ. ಸೋದರಮಾವನ ಅನುಮಾನ ಯಾವುದೋ ಹುಡುಗಿಯ ಮೇಲೆ, ತಾಯಿಯ ಅನುಮಾನ ದೃಷ್ಟಿಯ ಮೇಲೆ. ಹುಡುಗ ಮಾತಾಡಲು ಒಪ್ಪಿದರೆ ಮಾತ್ರ ಮುಂದುವರಿಯುವೆ, ಅವನು ಹೇಳಿದ್ದನ್ನು ಅವನ ಅಪ್ಪಣೆ ಇಲ್ಲದೆ ನಿಮಗೆ ಹೇಳುವುದಿಲ್ಲ, ಆದರೆ ಜೀವಕ್ಕೆ ಅಪಾಯ ಅನಿಸಿದರೆ ಆ ಕಟ್ಟು ಮುರಿಯುವೆ ಎಂದು ಮೊದಲೇ ತಿಳಿಸಿದೆ. ಈ ಮೂರನ್ನೂ ಹುಡುಗನಿಗೂ ಹಾಗೇ ಹೇಳಿದೆ.

ಮೊದಲ ಕರೆಯಲ್ಲಿ ಅವನು ಕ್ಯಾಮೆರಾ ಹಾಕಿಕೊಂಡು ಬಂದ. ಬಾಚಿದ ತಲೆ, ಹಿಂದೆ ಬಿಳಿ ಗೋಡೆ, "ಎಲ್ಲಾ ಆರಾಮ್ ಅದ ಮೇಡಂ." ನಲವತ್ತು ನಿಮಿಷದಲ್ಲಿ ಕೈಗೆ ಏನೂ ಸಿಗಲಿಲ್ಲ. ಕೊನೆಗೆ, ಕರೆಗೆ ಮೊದಲು ಎಷ್ಟು ಹೊತ್ತು ತಯಾರಿ ಮಾಡಿಕೊಂಡೆ ಎಂದು ಕೇಳಿದೆ. ಅರ್ಧ ತಾಸು ಎಂದ. ಮುಂದಿನ ಸಲ ಬರೀ ದನಿ ಸಾಕು ಎಂದೆ.

ಎರಡನೇ ಕರೆ ನಮ್ಮ ರಾತ್ರಿ 8ಕ್ಕೆ. ಚಳಿಗಾಲದಲ್ಲಿ ಜರ್ಮನಿ ನಮಗಿಂತ ನಾಲ್ಕೂವರೆ ತಾಸು ಹಿಂದೆ, ಅಂದರೆ ಅಲ್ಲಿ ಮಧ್ಯಾಹ್ನ ಮೂರೂವರೆ. ಹೇಗಿದ್ದೀಯಾ ಎಂದು ಕೇಳಲಿಲ್ಲ. ಆ ಪ್ರಶ್ನೆಗೆ ಅವನ ಬಳಿ ಕಂಠಪಾಠದ ಉತ್ತರವಿತ್ತು. "ನಿನ್ನ ಅಂಕಪಟ್ಟಿ ತೆಗೆದು ಓದು ತಮ್ಮಾ, ಮೇಲಿನಿಂದ ಕೆಳಗೆ" ಎಂದೆ. ಮನಸ್ಸಿನ ಮಾತು ಹೊರಬರದ ಗಂಡುಮಕ್ಕಳಿಗೆ ಕಾಗದದ ಮೇಲಿನದನ್ನು ಓದುವುದು ಸುಲಭ.

ಓದಿದ. "2.3. 3.0. 5.0." ಅಲ್ಲಿಗೆ ನಿಂತ. ಒಂದು ನಿಮಿಷದ ಮೇಲೆಯೇ ಸುಮ್ಮನಿದ್ದ. ಕೋಣೆಯ ಹೀಟರ್ ಟಕ್ ಟಕ್ ಅನ್ನುವುದು ನನಗೆ ಕೇಳುತ್ತಿತ್ತು. ಆಮೇಲೆ ಬಂದ ಮಾತು ಇದು:

"ಐದು ಅಂದ್ರ ಫೇಲ್ರಿ ಮೇಡಂ. ಇಲ್ಲಿ ಒಂದು ಅಂದ್ರ ಎಲ್ಲಾರ್ಕಿಂತ ಚಲೋ, ನಾಕರ ತನಕ ಪಾಸ್, ಐದು ಅಂದ್ರ ಹೋತು. ನಾ ಅಪ್ಪಗ ಸುಳ್ಳು ಹೇಳಿಲ್ರಿ. ಐದು ಬಂದದ ಅಂದೆ. ಅಪ್ಪ ಐದಕ್ಕ ಐದು ಅಂತ ತಿಳ್ಕೊಂಡ್ರು. ಓಣಿಗೆಲ್ಲಾ ಪೇಡೆ ಹಂಚಿದ್ರು. ಅವ್ವ ಆ ಪೇಡೆ ಡಬ್ಬಿ ವಿಡಿಯೋದಾಗ ತೋರಿಸಿದ್ಲು. ನನಗ ಅಲ್ಲ ಅನ್ನೋಕ ಬಾಯಿ ಬರಲಿಲ್ಲ."

ಅದು ಮಾರ್ಚ್‌ನಲ್ಲಿ ನಡೆದದ್ದು. ನವೆಂಬರ್‌ವರೆಗೆ ಎಂಟು ತಿಂಗಳು ಆ ಪೇಡೆಯನ್ನು ಹೊತ್ತುಕೊಂಡು ಓಡಾಡಿದ್ದಾನೆ.

ಫೇಲಾದದ್ದು ಬುದ್ಧಿ ಸಾಲದೆ ಅಲ್ಲ. ಅಲ್ಲಿ ಪ್ರತಿ ಪರೀಕ್ಷೆಗೂ ಬೇರೆಯಾಗಿ ಹೆಸರು ನೋಂದಾಯಿಸಬೇಕು. ಹಿಂತೆಗೆಯುವುದಾದರೆ ಕೊನೆಯ ದಿನಾಂಕದೊಳಗೆ ಹಿಂತೆಗೆಯಬೇಕು. ಆ ದಿನ ದಾಟಿದ ಮೇಲೆ ಪರೀಕ್ಷೆಗೆ ಹೋಗದಿದ್ದರೆ, ಮತ್ತು ವೈದ್ಯರ ಪತ್ರವನ್ನು ಪರೀಕ್ಷಾ ಕಚೇರಿಗೆ ಬೇಗ ತಲುಪಿಸದಿದ್ದರೆ, ಬರೆಯದ ಪರೀಕ್ಷೆಗೂ 5.0 ಬೀಳುತ್ತದೆ. ಇವನಿಗೆ ಆದದ್ದು ಅದೇ. ಫೆಬ್ರವರಿಯ ಆ ಬೆಳಿಗ್ಗೆ ಹಾಸಿಗೆಯಿಂದ ಏಳಲಾಗಲಿಲ್ಲ. ಮೈಯಲ್ಲಿ ಜ್ವರ ಇರಲಿಲ್ಲವಾದ್ದರಿಂದ ಅದನ್ನು ಕಾಯಿಲೆ ಎಂದು ಅವನೇ ಲೆಕ್ಕಕ್ಕೆ ಹಿಡಿಯಲಿಲ್ಲ, ವೈದ್ಯರ ಬಳಿ ಹೋಗಲಿಲ್ಲ.

ಉಳಿದದ್ದು ಒಂದರ ಹಿಂದೆ ಒಂದು ಬಂತು. ಹೋಗುವಾಗ ತೋರಿಸಿದ ಬ್ಲಾಕ್ಡ್ ಅಕೌಂಟ್ (ಖರ್ಚಿಗೆಂದು ಮೊದಲೇ ಕಟ್ಟಿ, ತಿಂಗಳಿಗೆ ಇಷ್ಟೇ ಎಂದು ತೆಗೆಯುವ ಖಾತೆ) ದುಡ್ಡು, ತಿಂಗಳಿಗೆ 992 ಯೂರೋದಂತೆ ವರ್ಷಕ್ಕೆ 11,904, ಒಂದು ವರ್ಷಕ್ಕೆ ಮಾತ್ರ. ವಾಸದ ಪರವಾನಗಿ ಮುಂದುವರಿಸುವಾಗ ಮತ್ತೆ ದುಡ್ಡಿನ ದಾರಿ ತೋರಿಸಬೇಕು. ಓಣಿಗೆ ಪೇಡೆ ಹಂಚಿದ ಅಪ್ಪನ ಹತ್ತಿರ ಯಾವ ಮುಖದಿಂದ ಕೇಳುವುದು? ಪಾರ್ಸಲ್ ಗೋದಾಮಿನಲ್ಲಿ ರಾತ್ರಿ ಪಾಳಿ ಹಿಡಿದ. ರಾತ್ರಿ 10ರಿಂದ ಬೆಳಗಿನ 6ರವರೆಗೆ, ವಾರಕ್ಕೆ ಮೂರು ದಿನ. ಡಿಸೆಂಬರ್ ಹತ್ತಿರ ಬಂದಾಗ ಅಲ್ಲಿ ಸೂರ್ಯ ಎಂಟರ ಮೇಲೆ ಹುಟ್ಟಿ ನಾಲ್ಕರ ಸುಮಾರಿಗೆ ಮುಳುಗುತ್ತಾನೆ. ನಮ್ಮ ರಾಯಚೂರಿನಲ್ಲಿ ವರ್ಷದ ಅತಿ ಚಿಕ್ಕ ಹಗಲಿಗೂ ಹನ್ನೊಂದು ತಾಸು ಬೆಳಕಿದೆ, ಅಲ್ಲಿ ಎಂಟು ತಾಸೂ ಕಷ್ಟ. ಆ ಎಂಟು ತಾಸನ್ನು ಇವನು ಪರದೆ ಎಳೆದು ಮಲಗಿ ಕಳೆಯುತ್ತಿದ್ದ. ಸಂಜೆ ಐದಕ್ಕೆ, ನಮ್ಮ ಒಂಬತ್ತೂವರೆಗೆ, ಅವ್ವನ ವಿಡಿಯೋ ಕಾಲ್. "ಊಟ ಆತಾ?" ಎಂಬ ಪ್ರಶ್ನೆಗೆ ತೋರಿಸಲು ಒಂದು ತಟ್ಟೆ ಅನ್ನ-ಸಾರು ಇಟ್ಟುಕೊಂಡಿರುತ್ತಿದ್ದ. ತೋರಿಸಿ ಫ್ರಿಜ್ಜಿನಲ್ಲಿಡುವುದು, ಮರುದಿನ ಅದೇ ತಟ್ಟೆ. ಒಂದು ದಿನ ಅವ್ವ, "ನಿನ್ನೆನೂ ಇದ ಇತ್ತಲ್ಲಪ್ಪಾ" ಅಂದಳಂತೆ. ಅವತ್ತಿನಿಂದ ಫೋನ್ ಎತ್ತುವುದು ಬಿಟ್ಟ.

ಸಾಯಬೇಕು ಅನ್ನಿಸುತ್ತದೆಯೇ ಎಂದು ನೇರವಾಗಿ ಕೇಳಿದೆ. ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಎಂದು ಸೋದರಮಾವ ನಂತರ ಬೇಸರಪಟ್ಟರು. ಹುಟ್ಟುವುದಿಲ್ಲ. ಒಳಗಿದ್ದರೆ ಹೊರಬರಲು ಬಾಗಿಲು ಸಿಗುತ್ತದೆ, ಇಲ್ಲದಿದ್ದರೆ ಇಲ್ಲ ಎನ್ನುತ್ತಾರೆ. ಅವನ ಉತ್ತರ: "ಸಾಯಬೇಕು ಅಂತಿಲ್ರಿ. ಬೆಳಗಾಗೋದು ಬ್ಯಾಡ ಅನಸ್ತದ." ಈ ಮಾತನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಸಾಯುವ ದಾರಿ ಹುಡುಕಿದ್ದಾನೆಯೇ, ಏನಾದರೂ ಕೂಡಿಟ್ಟಿದ್ದಾನೆಯೇ ಎಂದೂ ಕೇಳಿದೆ. ಎರಡಕ್ಕೂ ಇಲ್ಲ ಎಂದ. ಆದರೂ ಮೂರು ಸಂಗತಿ ಗೋಡೆಗೆ ಅಂಟಿಸಲು ಹೇಳಿದೆ. ತುರ್ತಿಗೆ 112. ಆಸ್ಪತ್ರೆ ಬೇಡವಾದರೂ ರಾತ್ರಿ, ರಜೆ ದಿನ ವೈದ್ಯರು ಬೇಕಾದರೆ 116117. ಪಕ್ಕದ ಕೋಣೆಯ ತೆಲುಗು ಹುಡುಗನ ನಂಬರ್. ಮೂರನೆಯದನ್ನು ಬರೆಯಲು ಹಿಂಜರಿದ, ಬರೆಸಿದೆ. ಅದೇ ವಾರ ವೈದ್ಯರನ್ನು ಕಾಣಬೇಕು, ಮುಂದಿನ ನಮ್ಮ ಕರೆಗೆ ವೈದ್ಯರ ಚೀಟಿ ಜೊತೆಗಿರಬೇಕು ಎಂದು ಹಟ ಹಿಡಿದೆ. ರಾಯಚೂರಿನಲ್ಲಿ ಕೂತು ದನಿಯಲ್ಲಷ್ಟೇ ನಾನು ಇಂಥವರನ್ನು ನಿಭಾಯಿಸಬಾರದು. ಅಲ್ಲಿನ ವಿದ್ಯಾರ್ಥಿ ಸೇವಾ ಸಂಸ್ಥೆ, ಸ್ಟುಡಿರೆಂಡನ್‌ವೆರ್ಕ್, ವಿದ್ಯಾರ್ಥಿಗಳಿಗೆ ಆಪ್ತಸಲಹೆ ಕೊಡುತ್ತದೆ. ಅಲ್ಲಿಗೂ ಮೇಲ್ ಬರೆಸಿದೆ.

ಬೆಳಕಿನ ವಿಷಯದಲ್ಲಿ ಸಲಹೆ ಸರಳ. ರಾತ್ರಿ ಪಾಳಿ ಮೊದಲು ಬಿಡಬೇಕು, ಹಗಲಿನ ಕೆಲಸ ಅರ್ಧ ದುಡ್ಡಿಗೆ ಸಿಕ್ಕರೂ ಸರಿ. ಎದ್ದ ಒಂದು ತಾಸಿನೊಳಗೆ ಹೊರಗೆ ಅರ್ಧ ತಾಸು ನಡಿಗೆ, ಮೋಡ ಇದ್ದರೂ. ಮೋಡ ಕವಿದ ಬಯಲಿನ ಬೆಳಕು ಕೋಣೆಯ ದೀಪಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ವೈದ್ಯರು ಒಪ್ಪಿದರೆ 10,000 ಲಕ್ಸ್‌ನ (ಲಕ್ಸ್ ಅಂದರೆ ಬೆಳಕಿನ ಅಳತೆ) ಬೆಳಕಿನ ಪೆಟ್ಟಿಗೆ, ಬೆಳಿಗ್ಗೆ 20ರಿಂದ 30 ನಿಮಿಷ, ಪೆಟ್ಟಿಗೆಯ ಮೇಲೆ ಬರೆದಷ್ಟೇ ದೂರದಲ್ಲಿ. ಸಂಜೆ ಬಳಸಿದರೆ ಇದ್ದ ನಿದ್ದೆಯೂ ಕೆಡುತ್ತದೆ. ಕಣ್ಣಿನ ಒಳಪರದೆಯ (ರೆಟಿನಾ) ತೊಂದರೆ ಇರುವವರು, ಮನಸ್ಸು ಅತಿ ಏರಿ ಅತಿ ಇಳಿಯುವ ಕಾಯಿಲೆ ಇರುವವರು ವೈದ್ಯರನ್ನು ಕೇಳದೆ ಮುಟ್ಟಬಾರದು.

ಓದಿನದು ಒಂದು ಹಾಳೆಯ ಕೆಲಸ. ವಿಷಯ, ಎಷ್ಟು ಸಲ ಬರೆದಾಗಿದೆ, ಇನ್ನೆಷ್ಟು ಅವಕಾಶ, ಹಿಂತೆಗೆಯುವ ಕೊನೆಯ ದಿನ. ಬಹಳ ಕಡೆ ಒಂದು ಪರೀಕ್ಷೆಗೆ ಮೂರು ಸಲ ಅವಕಾಶ. ಮೂರನೆಯದೂ ಹೋದರೆ ಕೋರ್ಸಿನಿಂದಲೇ ಹೆಸರು ಹೋಗುತ್ತದೆ. ಇವನು ಭಯಕ್ಕೆ ಆ ನಿಯಮವನ್ನೇ ಓದಿರಲಿಲ್ಲ. ಓದಿದಾಗ ಒಂದು ವಿಷಯಕ್ಕೆ ಎರಡು ಅವಕಾಶ ಉಳಿದಿದ್ದವು. ಕತ್ತಲಲ್ಲಿ ಹಗ್ಗವೆಲ್ಲ ಹಾವೇ.

ಇನ್ನು ಹೆಚ್ಚು ಮಾತಿಗೆ ಗುರಿಯಾದ ಸಲಹೆ. ದಿನದ ವಿಡಿಯೋ ಕಾಲ್ ನಿಲ್ಲಿಸಲು ಹೇಳಿದೆ. ಬುಧವಾರ 20 ನಿಮಿಷ ಬರೀ ದನಿ, ಭಾನುವಾರ 40 ನಿಮಿಷ ವಿಡಿಯೋ. ಉಳಿದ ದಿನ ರಾತ್ರಿ ನಮ್ಮ ಹತ್ತರೊಳಗೆ ಅವನಿಂದ ಒಂದೇ ಶಬ್ದದ ಸಂದೇಶ: "ಅದೀನಿ." ಹತ್ತು ದಾಟಿದರೆ ತಾಯಿ ಕರೆ ಮಾಡಬಹುದು, ಅವನು ಎತ್ತಲೇಬೇಕು. "ತಾಯಿ-ಮಗನ್ನ ಅಗಲಿಸ್ತೀರೇನ್ರಿ?" ಎಂದು ಸೋದರಮಾವ ಸಿಟ್ಟಾದರು. ತಾಯಿ ಏನೂ ಅನ್ನಲಿಲ್ಲ, ಸೆರಗಿನಿಂದ ಕಣ್ಣೊರೆಸಿಕೊಂಡರು. ಅದು ನನಗೆ ಸಿಟ್ಟಿಗಿಂತ ಭಾರವಾಯಿತು.

ಆದರೂ ಸಲಹೆ ಬದಲಿಸಲಿಲ್ಲ. ದೂರದ ಊರಿನಲ್ಲಿ ಬೇರೂರಲು ಸಂಜೆ ಬೇಕು. ಅಲ್ಲಿನವರು ಅಡುಗೆಕೋಣೆಯಲ್ಲಿ ಸೇರುವುದು, ಆಟಕ್ಕೆ, ಭಾಷೆಯ ತರಗತಿಗೆ ಹೋಗುವುದು ಆ ಹೊತ್ತಿಗೇ. ನಮ್ಮ ಮಕ್ಕಳ ಆ ಒಂದು ತಾಸು ಪ್ರತಿದಿನ ಮನೆಯ ಪರದೆಯ ಮುಂದೆ ಹೋಗುತ್ತದೆ. ಕರೆಯಲ್ಲಿ ನಿಜ ಹೇಳುವಂತಿದ್ದರೆ ಅದೂ ಒಳ್ಳೆಯದೇ, ಅದೇ ಆಸರೆ. ಸುಳ್ಳು ಹೇಳಬೇಕಾದ ಮನೆಯಲ್ಲಿ ದಿನದ ಕರೆ ದಿನದ ಪರೀಕ್ಷೆ. ಕರೆಯನ್ನು ಕಡಿಮೆ ಮಾಡಿದ್ದು ಪ್ರೀತಿ ಕಡಿಮೆ ಮಾಡಲಿಕ್ಕಲ್ಲ, ವಾರಕ್ಕೆ ಎರಡು ಸಲವಾದರೂ ನಿಜ ಮಾತಾಡಲು ಅವನಿಗೆ ಉಸಿರು ಸಿಗಲಿ ಎಂದು. ಬುಧವಾರ ಮುಖ ಬೇಡ ಅಂದದ್ದೂ ಅದಕ್ಕೇ. ಮುಖ ತೋರಿಸುವಾಗ ನಗಬೇಕಾಗುತ್ತದೆ.

ಅಪ್ಪನಿಗೆ ಹೇಳುವುದು ಉಳಿದಿತ್ತು. ನೀವೇ ಹೇಳಿಬಿಡಿ ಮೇಡಂ ಎಂದ. ನಾನು ಹೇಳಿದರೆ ಅವನ ಫೇಲಿನ ಜೊತೆ ಅವನ ಹೆದರಿಕೆಯೂ ಅಪ್ಪನಿಗೆ ತಲುಪುತ್ತದೆ, ಆಮೇಲೆ ಅಪ್ಪ ಮಗನನ್ನು ಬಿಟ್ಟು ನನ್ನನ್ನೇ ಕೇಳುತ್ತಾರೆ. ಮೂರು ವಾಕ್ಯ ಬರೆಸಿದೆ: ಆದದ್ದು, ಈಗ ಮಾಡುತ್ತಿರುವುದು, ಅಪ್ಪನಿಂದ ಬೇಕಾದದ್ದು. "ಐದು ಅಂದ್ರ ಇಲ್ಲಿ ಫೇಲ್ ಅಪ್ಪಾ, ನಾ ಅವತ್ತ ಹೇಳಲಿಲ್ಲ. ಡಾಕ್ಟರ್ ಹತ್ರ ಹೋಗಾಕತ್ತೀನಿ, ಫೆಬ್ರವರಿಯಾಗ ಮತ್ತ ಬರಿತೀನಿ. ಆರು ತಿಂಗಳ ಖರ್ಚು ಬೇಕಾಗ್ತದ, ಬೈದ್ರೂ ಪೂರ್ತಿ ಕೇಳಿಸ್ಕೊಂಡು ಬೈರಿ." ಕೊನೆಯ ತುಂಡು ಅವನೇ ಸೇರಿಸಿದ್ದು. ಅಳಿಸಲಿಲ್ಲ.

ವಾಪಸ್ ಬರಬೇಕೋ ಬೇಡವೋ ಎಂಬುದನ್ನು ಮಾರ್ಚ್ ಕೊನೆಯ ಭಾನುವಾರಕ್ಕೆ ಇಟ್ಟೆವು. ಅವತ್ತು ಅಲ್ಲಿ ಗಡಿಯಾರ ಒಂದು ತಾಸು ಮುಂದೆ ಹೋಗುತ್ತದೆ, ನಮಗೂ ಅವರಿಗೂ ಮೂರೂವರೆ ತಾಸಿನ ಅಂತರವಾಗುತ್ತದೆ, ಹಗಲೂ ಉದ್ದವಾಗಿರುತ್ತದೆ. ಕತ್ತಲ ತಿಂಗಳಲ್ಲಿ ಕೈಗೊಂಡ ತೀರ್ಮಾನ ಕತ್ತಲಿನದೇ ಆಗಿರುತ್ತದೆ. ಜೀವಕ್ಕೆ ಅಪಾಯ ಕಂಡರೆ ಮಾತ್ರ ಮಾರ್ಚ್ ಕಾಯುವಂತಿಲ್ಲ, ಮರುದಿನದ ಟಿಕೆಟ್. ವಾಪಸ್ ಬರುವುದನ್ನು ಸೋಲಿನ ಪಟ್ಟಿಗೆ ಸೇರಿಸಬೇಡಿ ಎಂದು ತಂದೆ-ತಾಯಿಗೆ ಬೇರೆಯಾಗಿ ಹೇಳಿದೆ. ಸಾಲದ ಲೆಕ್ಕವನ್ನೂ ಬ್ಯಾಂಕಿಗೆ ಹೋಗಿ ಕೇಳಿ ಬರಲು ಹೇಳಿದೆ. ಓದು ಮುಗಿದು ವರ್ಷದವರೆಗೆ ಕಂತು ಇಲ್ಲ ಎಂಬ ಮಾತನ್ನಷ್ಟೇ ಜನ ನೆನಪಿಡುತ್ತಾರೆ, ಆ ಅವಧಿಯಲ್ಲೂ ಬಡ್ಡಿ ಓಡುವುದನ್ನು ಮರೆಯುತ್ತಾರೆ. ಓದು ನಡುವೆ ಬಿಟ್ಟರೆ ಕಂತು ಯಾವಾಗ ಶುರು ಎಂಬುದನ್ನು ಬರಹದಲ್ಲಿ ಪಡೆಯಬೇಕು. ಆ ಅಂಕಿ ಗೊತ್ತಿದ್ದರೆ ಹುಡುಗನ ತಲೆಯ ಮೇಲಿನ ಊಹೆಯ ಭಾರ ಇಳಿಯುತ್ತದೆ.

ಮಕ್ಕಳನ್ನು ಕಳಿಸಲು ಓಡಾಡುತ್ತಿರುವವರಿಗೆ ನನ್ನ ಕೋರಿಕೆ: ಕಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಡಿ (ತುಪ್ಪ, ಪೇಡೆ ಬೇಡ, ಹೊರಗಿನ ಹಾಲಿನ ಪದಾರ್ಥವನ್ನು ಪ್ರಯಾಣಿಕರು ಒಯ್ಯಲು ಯುರೋಪ್ ಒಕ್ಕೂಟ ಬಿಡುವುದಿಲ್ಲ). ಅದರ ಜೊತೆಗೆ ಆ ದೇಶದಲ್ಲಿ ಪಾಸ್ ಅಂದರೆ ಎಷ್ಟು, ಫೇಲ್ ಅಂದರೆ ಎಷ್ಟು, ಎಷ್ಟು ಸಲ ಬರೆಯಬಹುದು ಎಂದು ಮಗ, ಮಗಳ ಬಾಯಿಂದಲೇ ಕೇಳಿ ಕ್ಯಾಲೆಂಡರ್ ಹಿಂದೆ ಬರೆದಿಡಿ. ಮನೆಗೆ ಬಂದು ಹೋಗುವವರು "ಎಷ್ಟು ಬಿದ್ದವು?" ಎಂದರೆ ನೀವು ಉತ್ತರ ಕೊಡುವ ಅಗತ್ಯವಿಲ್ಲ. ನಿಮಗೇ ನಿದ್ದೆ ಹೋಗದಂತಾದರೆ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.

ಮಗ ಆ ಮೂರು ವಾಕ್ಯ ಹೇಳಿದ ಬುಧವಾರದ ಕರೆಯ ಹೊತ್ತಿಗೆ ತಂದೆ ಗದ್ದೆಯಲ್ಲಿ ಭತ್ತ ಕೊಯ್ಯುವ ಯಂತ್ರದ ಹತ್ತಿರ ನಿಂತಿದ್ದರಂತೆ. ಮೂರು ವಾಕ್ಯವನ್ನು ಎರಡು ಸಲ ಹೇಳಿಸಿಕೊಂಡರು, ಸದ್ದಿಗೆ ಕೇಳಿಸಲಿಲ್ಲವೆಂದು. ಎರಡನೇ ಸಲ ಕೇಳಿದ ಮೇಲೆ ಯಂತ್ರ ನಿಲ್ಲಿಸಲು ಕೈ ಮಾಡಿ, "ಮುಂದ ನಂಬರ್ ಹೇಳಬ್ಯಾಡಪ್ಪಾ, ಪಾಸೋ ಫೇಲೋ ಅಷ್ಟ ಹೇಳು" ಅಂದರು. ಫೆಬ್ರವರಿಯ ಪರೀಕ್ಷೆಯಲ್ಲಿ ಅವನಿಗೆ 3.7 ಬಂತು. ಅಪ್ಪನಿಗೆ ಕಳಿಸಿದ ಸಂದೇಶದಲ್ಲಿ "ಪಾಸ್" ಎಂದಷ್ಟೇ ಇತ್ತು. ವಾಪಸ್ ಬರುವ ಮಾತು ಮಾರ್ಚ್‌ನಲ್ಲಿ ಇನ್ನೊಂದು ಆರು ತಿಂಗಳು ಮುಂದೆ ಹೋಯಿತು. ತಾಯಿಗೆ ಈಗಲೂ ರಾತ್ರಿ ಹತ್ತರ ತನಕ ಫೋನ್ ಕೈಯಲ್ಲೇ ಇರುತ್ತದೆ.