70 ಮಿ.ಮೀ. ಟೆಲಿಸ್ಕೋಪ್‌ನಲ್ಲಿ ಶನಿ ಚಿಕ್ಕದಾಗಿ ಕಾಣುತ್ತದೆ. ಜಾಸ್ತಿ ಪವರ್‌ನ ಐಪೀಸ್ (ಕಣ್ಣಿಟ್ಟು ನೋಡುವ ಕಡೆಯ ಲೆನ್ಸ್) ತಗೊಳ್ಳಲೇ, ದೊಡ್ಡ ಟೆಲಿಸ್ಕೋಪ್ ತಗೊಳ್ಳಲೇ?

ಎರಡೂ ಈಗಲೇ ಬೇಡ. ಮೊದಲು ನಿಮ್ಮ ಸ್ಟ್ಯಾಂಡ್ ಅಲುಗಾಡುತ್ತಾ ನೋಡಿ.

ನೀವು ಬರೆದಿರುವುದು ಇಷ್ಟು: 700 ಮಿ.ಮೀ. ಫೋಕಲ್ ಲೆಂತ್‌ನ (ಮುಂದಿನ ಲೆನ್ಸಿನಿಂದ ಬೆಳಕು ಒಂದೆಡೆ ಸೇರುವ ದೂರ) ಟೆಲಿಸ್ಕೋಪ್, ಬೆಂಗಳೂರಿನ ತಾರಸಿ, ಸಾಸಿವೆ ಕಾಳಿನಷ್ಟು ಶನಿ. ಡಬ್ಬದ ಮೇಲೆ ಮಾತ್ರ 525 ಪಟ್ಟು ಅಂತ ಇದೆ. ನಾನೂ ಇದೇ 525 ನೋಡಿ ದುಡ್ಡು ಕೊಟ್ಟವನು. ಆ ಲೆಕ್ಕ ಸುಳ್ಳೂ ಅಲ್ಲ. 700ನ್ನು 4 ಮಿ.ಮೀ. ಐಪೀಸ್‌ನಿಂದ ಭಾಗಿಸಿದರೆ 175. ಅದಕ್ಕೆ 3 ಪಟ್ಟಿನ ಬಾರ್ಲೋ (ಐಪೀಸಿನ ಪವರ್ ಹೆಚ್ಚಿಸುವ ಇನ್ನೊಂದು ಲೆನ್ಸ್) ಸೇರಿಸಿದರೆ 525. ಆದರೆ ಮುಂದಿನ ಲೆನ್ಸ್ ಎಷ್ಟು ಮಿ.ಮೀ. ಅಗಲವೋ ಅದರ ಎರಡರಷ್ಟು ಪಟ್ಟಿನ ತನಕ ಹಿಗ್ಗಿಸಿದರೆ ಮಾತ್ರ ಪ್ರಯೋಜನ. ನಿಮ್ಮ 70 ಮಿ.ಮೀ. ಲೆನ್ಸಿಗೆ 140, ಅದೂ ಗಾಳಿ ಅಲುಗದ ರಾತ್ರಿ. ಅದಕ್ಕಿಂತ ಮೇಲೆ ಹೋದರೆ ಶನಿ ದೊಡ್ಡದೇನೋ ಆಗುತ್ತದೆ, ಮಂಜಿನಲ್ಲಿ ಕಂಡ ಬೀದಿದೀಪದ ಹಾಗೆ.

ಮೊದಲ ವಾರ ನನಗೆ ಶನಿ ಸರಿಯಾಗಿ ಸಿಗಲೇ ಇಲ್ಲ. ಫೋಕಸ್ ತಿರುಪಿಗೆ ಬೆರಳು ತಾಗಿದರೆ ಸಾಕು, ಗ್ರಹ ಜೋಕಾಲಿ ಆಡುತ್ತಿತ್ತು. ಕೊನೆಗೆ ಟ್ರೈಪಾಡಿನ ಕಾಲುಗಳನ್ನು ಪೂರ್ತಿ ಒಳಗೆ ಸರಿಸಿದೆ. ನಡುವೆ ಒಂದು ಮರಳಿನ ಚೀಲ ನೇತುಹಾಕಿ, ಸ್ಟೂಲಿನ ಮೇಲೆ ಕೂತು ನೋಡಿದೆ. ಖರ್ಚು ಸೊನ್ನೆ. (ಮರಳು ಪಕ್ಕದಲ್ಲಿ ಮನೆ ಕಟ್ಟಿಸುತ್ತಿದ್ದವರದು. ಕೇಳಿಯೇ ತಂದೆ.)

ಶನಿಯ ಗೋಳ ನಮ್ಮ ಕಣ್ಣಿಗೆ ಚಂದ್ರನ ಅಗಲದ ಸುಮಾರು 100ರಲ್ಲಿ ಒಂದು ಪಾಲು. ಅಂದರೆ ನಿಮ್ಮ 10 ಮಿ.ಮೀ. ಐಪೀಸ್ ಕೊಡುವ 70 ಪಟ್ಟಿನಲ್ಲಿ ಅದು ಬರಿಗಣ್ಣಿಗೆ ಕಾಣುವ ಚಂದ್ರನ ಅಗಲದ ಹತ್ತರಲ್ಲಿ ಏಳು ಪಾಲಿನಷ್ಟು. ನಂಬಿಕೆ ಬರಲ್ಲ ಅಲ್ವಾ? ಐದು ನಿಮಿಷ ಸುಮ್ನೆ ನೋಡುತ್ತಾ ಕೂತುಕೊಳ್ಳಿ, ಕಣ್ಣು ಪಳಗುತ್ತದೆ. ಇನ್ನೊಂದು ಸಮಾಧಾನ. 2025ರ ಮಾರ್ಚ್‌ನಲ್ಲಿ ಶನಿಯ ಬಳೆಗಳು ನಮಗೆ ಬರೀ ಅಂಚು ತೋರಿಸುತ್ತಿದ್ದವು. ಅಲ್ಲಿಂದ 2032ರ ತನಕ ಒಟ್ಟಾರೆ ಅಗಲವಾಗುತ್ತಾ ಹೋಗುತ್ತವೆ. ನೀವು ಏನೂ ಕೊಳ್ಳದಿದ್ದರೂ ಶನಿ ಚೆಂದವಾಗುತ್ತದೆ.

ಕೈ ತುರಿಸುತ್ತಿದ್ದರೆ 8 ಮಿ.ಮೀ. ಆಸುಪಾಸಿನ ಪ್ಲಾಸಲ್ ಎಂಬ ಬಗೆಯ ಒಂದು ಒಳ್ಳೆಯ ಐಪೀಸ್ ತಗೊಳ್ಳಿ. ಅದರ ಕೊಳವೆ ಒಂದೂಕಾಲು ಇಂಚಿನದೇ ಇರಲಿ, ಮುಂದಿನ ಟೆಲಿಸ್ಕೋಪ್‌ಗೂ ಆಗುತ್ತದೆ. ಡಬ್ಬದಲ್ಲಿ ಐಪೀಸ್‌ಗೆ ತಿರುಗಿಸಿ ಹಾಕುವ ಸೂರ್ಯನ ಫಿಲ್ಟರ್ ಬಂದಿದ್ದರೆ ಇವತ್ತೇ ಕಸಕ್ಕೆ ಹಾಕಿ. ಬಿಸಿಗೆ ಬಿರುಕು ಬಿಟ್ಟರೆ ಕಣ್ಣೇ ಹೋಗುತ್ತದೆ.

ದೊಡ್ಡದು ಯಾವಾಗ? ಚಂದ್ರ, ಗುರು, ಶನಿ ನೋಡಿ ಮುಗಿದು, ನೀಹಾರಿಕೆ, ನಕ್ಷತ್ರಗುಚ್ಛಗಳ ಹುಚ್ಚು ಹತ್ತಿದಾಗ. ಆಗ 6 ಇಂಚಿನ ಡಾಬ್ಸೋನಿಯನ್ (ಲೆನ್ಸಿನ ಬದಲು ಕನ್ನಡಿ ಇರುವ ಟೆಲಿಸ್ಕೋಪ್) ತಗೊಳ್ಳಿ. ನಿಮ್ಮದಕ್ಕಿಂತ ನಾಲ್ಕೂವರೆ ಪಟ್ಟು ಜಾಸ್ತಿ ಬೆಳಕು ಹಿಡಿಯುತ್ತದೆ. ನೆಲದ ಮೇಲೆ ಪೆಟ್ಟಿಗೆಯ ಹಾಗೆ ಕೂರುವುದರಿಂದ ಟ್ರೈಪಾಡಿನ ಕಾಟವೂ ಇಲ್ಲ. ತೂಕ ಮಾತ್ರ 15 ಕೆ.ಜಿ. ಆಸುಪಾಸು. ನಿಮ್ಮ ತಾರಸಿಗೆ ಎಷ್ಟು ಮೆಟ್ಟಿಲು ಅಂತ ಎಣಿಸಿಕೊಂಡೇ ಆರ್ಡರ್ ಮಾಡಿ.

ಅದಕ್ಕೂ ಮುಂಚೆ, ಡಿಸೆಂಬರ್ ಅಥವಾ ಜನವರಿಯಲ್ಲಿ ಅಮಾವಾಸ್ಯೆ ಹತ್ತಿರದ ಒಂದು ರಾತ್ರಿ ಇದೇ 70 ಮಿ.ಮೀ. ಅನ್ನು ಬೀದಿದೀಪ ಇಲ್ಲದ ಯಾವುದಾದರೂ ಹಳ್ಳಿಗೆ ಒಯ್ಯಿರಿ. ಕಡಿಮೆ ಪವರ್‌ನ ಐಪೀಸ್ ಹಾಕಿ ಕೃತ್ತಿಕೆ ನಕ್ಷತ್ರಗುಚ್ಛದ ಕಡೆ ತಿರುಗಿಸಿ. ನನಗೆ ಡಾಬ್ಸೋನಿಯನ್ ಆಸೆ ಎರಡು ವರ್ಷ ಮುಂದಕ್ಕೆ ಹೋಗಿದ್ದು ಅಲ್ಲೇ.